ಥೈರಾಯ್ಡ್ ಮಾತ್ರೆ ಶುರು ಮಾಡುವ ಮುಂಚೆ ಅಡ್ರಿನಲ್ ಕಡೆಗೂ ಒಮ್ಮೆ ನೋಡಿ

ಥೈರಾಯ್ಡ್ ಕಡಿಮೆ ಇದ್ದವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆ ಚಿಕ್ಕದು, ಹಟ ಮಾತ್ರ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ತಿಂಡಿ ಏನೂ ಬೇಡ. ರಾತ್ರಿಯೇ ಹಾಸಿಗೆ ಪಕ್ಕ ಮಾತ್ರೆ ಮತ್ತು ಒಂದು ಲೋಟ ನೀರು ಇಟ್ಟು ಮಲಗಿ, ಕಣ್ಣು ಬಿಟ್ಟ ಕೂಡಲೇ ಕೆಲಸ ಮುಗಿಯುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು 4 ಗಂಟೆ ಬಿಟ್ಟು ತೆಗೆದುಕೊಳ್ಳಿ. ಇಲ್ಲದಿದ್ದರೆ ಅವು ಥೈರಾಕ್ಸಿನ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ.

ಡೋಸ್ ಬದಲಾದ ವಾರಕ್ಕೇ ಲ್ಯಾಬ್‌ಗೆ ಓಡಬೇಡಿ, ಸುಮ್ನೆ ದುಡ್ಡು ದಂಡ. ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ರಕ್ತದಲ್ಲಿ ಅಳೆಯುವುದು ಇದನ್ನೇ) ಒಂದು ಮಟ್ಟಕ್ಕೆ ಬಂದು ನಿಲ್ಲಲು 6ರಿಂದ 8 ವಾರ ಬೇಕು. ಕೂದಲಿಗೆಂದು ಬಯೋಟಿನ್ ಅನ್ನೋ ವಿಟಮಿನ್ ನುಂಗುತ್ತಿದ್ದರೆ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ, ಅದು ರಿಪೋರ್ಟನ್ನೇ ಕೆಡಿಸಬಹುದು.

ಈಗ ಜನ ಮರೆಯುವ ವಿಷಯ. ಸುಸ್ತು ಥೈರಾಯ್ಡ್ ಕಡಿಮೆಯಾದರೂ ಬರುತ್ತದೆ, ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಸೋತರೂ ಬರುತ್ತದೆ. ಆದರೆ ತೂಕ ಏರುವ ಬದಲು ಇಳಿಯುತ್ತಿದೆಯಾ? ಎದ್ದು ನಿಂತರೆ ತಲೆ ಸುತ್ತುತ್ತದೆಯಾ, ಉಪ್ಪು ತಿನ್ನಬೇಕು ಅನ್ನಿಸುತ್ತಲೇ ಇರುತ್ತದೆಯಾ? ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿ. ಗೆರೆಗಳು ಮೊದಲಿಗಿಂತ ಕಪ್ಪಾಗಿದ್ದರೆ, ಒಸಡಿನಲ್ಲೂ ಕಪ್ಪು ಕಾಣಿಸಿದರೆ, ಅದು ಅಡಿಸನ್ ಕಾಯಿಲೆ, ಅಂದರೆ ಅಡ್ರಿನಲ್ ಸೋತ ಕಾಯಿಲೆ ಇರಬಹುದು. ಬೆಳಿಗ್ಗೆ 8ರ ಸುಮಾರಿಗೆ ಮಾಡುವ ಕಾರ್ಟಿಸಾಲ್ (ಅಡ್ರಿನಲ್ ತಯಾರಿಸುವ ಹಾರ್ಮೋನು) ಪರೀಕ್ಷೆ ಬೇಕಾ ಎಂದು ಡಾಕ್ಟರನ್ನು ಕೇಳಿ, ಥೈರಾಕ್ಸಿನ್ ಶುರು ಮಾಡುವ ಮುಂಚೆಯೇ ಕೇಳಿ. ಯಾಕೆಂದರೆ ಥೈರಾಕ್ಸಿನ್ ಒಳಗೆ ಹೋದ ಮೇಲೆ ದೇಹ ಕಾರ್ಟಿಸಾಲನ್ನು ಇನ್ನೂ ಬೇಗ ಖರ್ಚು ಮಾಡುತ್ತದೆ, ಮೊದಲೇ ಅದು ತಳ ಕಂಡಿದ್ದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಎರಡೂ ಕಡಿಮೆ ಇದ್ದರೆ ಕಾರ್ಟಿಸಾಲ್ ಮೊದಲು, ಥೈರಾಯ್ಡ್ ಆಮೇಲೆ. (1914ರಲ್ಲಿ ಥೈರಾಕ್ಸಿನ್ ಬೇರ್ಪಡಿಸಿದ ಎಡ್ವರ್ಡ್ ಕೆಂಡಾಲ್‌ಗೆ 1950ರಲ್ಲಿ ನೊಬೆಲ್ ಬಂದದ್ದು ಅಡ್ರಿನಲ್ ಹಾರ್ಮೋನಿಗೆ! ಎರಡೂ ಗ್ರಂಥಿಗಳ ನಂಟು ಅವರನ್ನೂ ಬಿಡಲಿಲ್ಲ.)

ಕಾರ್ಟಿಸಾಲ್ ಕೊರತೆ ತುಂಬಲು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ದೊಡ್ಡ ಡೋಸನ್ನು ಎದ್ದ ಕೂಡಲೇ ತೆಗೆದುಕೊಳ್ಳಿ. ಆರಾಮಾಗಿದೆ ಅಂತ ನೀವಾಗಿಯೇ ನಿಲ್ಲಿಸಬೇಡಿ. ಬೇರೆ ಕಾಯಿಲೆಗೆ 3-4 ವಾರಕ್ಕಿಂತ ಜಾಸ್ತಿ ಸ್ಟೀರಾಯ್ಡ್ ನುಂಗಿದವರಿಗೂ ಇದೇ ಮಾತು. ಜ್ವರ ಬಂದರೆ ಸಾಮಾನ್ಯವಾಗಿ ಡೋಸ್ ಎರಡರಷ್ಟೋ ಮೂರರಷ್ಟೋ ಆಗುತ್ತದೆ, ನಿಮಗೆ ಎಷ್ಟು ಅಂತ ಚೆನ್ನಾಗಿರುವಾಗಲೇ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯಬೇಡಿ, ದೊಡ್ಡವರಿಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕು, ಕೊಟ್ಟ ಮೇಲೂ ಆಸ್ಪತ್ರೆಗೆ ಹೊರಡಲೇಬೇಕು. ನೀವು ಸ್ಟೀರಾಯ್ಡ್ ತೆಗೆದುಕೊಳ್ಳುತ್ತೀರಿ ಎಂದು ತಿಳಿಸುವ ಸ್ಟೀರಾಯ್ಡ್ ಕಾರ್ಡ್ ಪರ್ಸ್‌ನಲ್ಲಿ ಇರಲಿ. ಮನೆಯಲ್ಲಿ ಇಂಜೆಕ್ಷನ್ ಇಟ್ಟಿದ್ದರೆ ಎಕ್ಸ್‌ಪೈರಿ ಡೇಟ್ ಇವತ್ತೇ ನೋಡಿ, ಚುಚ್ಚುವುದು ಹೇಗೆಂದು ಇನ್ನೊಬ್ಬರಿಗೂ ಕಲಿಸಿ. ಬೇಕಾಗುವ ಹೊತ್ತಿಗೆ ನಿಮ್ಮ ಕೈ ನಡುಗುತ್ತಿರುತ್ತದೆ, ಅಲ್ವಾ.