ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಆನ್ ಆಗದಿದ್ದರೆ ಮೊದಲು ಪ್ಲಗ್ ನೋಡಿ

ಓವರ್‌ಕ್ಲಾಕ್ ಮಾಡಿದ, ಅಂದರೆ ಪ್ರೊಸೆಸರನ್ನು ಅದರ ಮೂಲ ವೇಗಕ್ಕಿಂತ ಹೆಚ್ಚು ಓಡಿಸುವ ಕಂಪ್ಯೂಟರ್ ಆನ್ ಆಗದೆ ಹೋದಾಗ ನಾವು ಮೊದಲು ದೂರುವುದು ಪ್ರೊಸೆಸರನ್ನು. ಮೈಸೂರಿನ ಕುವೆಂಪುನಗರದ ಮನೆಯಲ್ಲಿ ನಾನೂ ಎರಡು ದಿನ ಯಂತ್ರ ಆನ್ ಆದಾಗಲೆಲ್ಲ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಕಡೆ) ವೋಲ್ಟೇಜ್ ಏರಿಸಿ, ಇಳಿಸಿ ಹೈರಾಣಾಗಿದ್ದೆ. ಕೊನೆಗೆ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ನಿನ ಬುಡ ಕಪ್ಪಾಗಿತ್ತು, ಅದರ ಸುತ್ತಲಿನ ಪ್ಲಾಸ್ಟಿಕ್ ಕರಗಿ ಗುಳ್ಳೆಯೆದ್ದಿತ್ತು. ಅಂದಿನಿಂದ ನಾನು ಗೋಡೆಯ ಸಾಕೆಟ್ಟಿನಿಂದ ಶುರುಮಾಡಿ ಒಳಕ್ಕೆ ಹುಡುಕುತ್ತೇನೆ.

ಪ್ರೊಸೆಸರ್ ಎಳೆಯುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುವುದಲ್ಲದೆ, ವೋಲ್ಟೇಜಿನ ವರ್ಗಕ್ಕೂ (ವೋಲ್ಟೇಜನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆ) ತಕ್ಕಂತೆ ಏರುತ್ತದೆ. ವೇಗವನ್ನು 4.0 ಗಿಗಾಹರ್ಟ್ಸ್‌ನಿಂದ 4.6ಕ್ಕೂ, ವೋಲ್ಟೇಜನ್ನು 1.20ರಿಂದ 1.35ಕ್ಕೂ ಏರಿಸಿದರೆ ಮೊದಲು 100 ವ್ಯಾಟ್ ಎಳೆಯುತ್ತಿದ್ದ ಪ್ರೊಸೆಸರ್ ಸುಮಾರು 145 ವ್ಯಾಟ್ ಎಳೆಯುತ್ತದೆ. ವೇಗ ಹೆಚ್ಚಿದ್ದು ಶೇ. 15 ಮಾತ್ರ, ಹೊರೆ ಹೆಚ್ಚಿದ್ದು ಶೇ. 45.

ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆ) ಕೊಳ್ಳುವಾಗ ಡಬ್ಬದ ಮೇಲಿನ ದಪ್ಪ ಅಕ್ಷರದ ವ್ಯಾಟ್ ನೋಡಿ ಮರುಳಾಗಬಾರದು. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ ನೋಡಿ, ಅದನ್ನು 12ರಿಂದ ಗುಣಿಸಿ. 25 ಆಂಪಿಯರ್ ಇದ್ದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು 300 ವ್ಯಾಟ್ ಅಷ್ಟೇ, ಡಬ್ಬ 500 ಎಂದರೂ ಸರಿಯೇ. '80 ಪ್ಲಸ್' ಮುದ್ರೆ ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಬಾಳಿಕೆಯನ್ನಲ್ಲ. ಎಲ್ಲ ಭಾಗಗಳ ಹೊರೆ ಕೂಡಿಸಿದಾಗ ಎಸ್‌ಎಂಪಿಎಸ್‌ನ ಸಾಮರ್ಥ್ಯದ ಮೂರನೇ ಎರಡು ಭಾಗ ಮೀರದಂತೆ ನಾನು ನೋಡಿಕೊಳ್ಳುತ್ತೇನೆ. ಕಳಚಿ ಜೋಡಿಸುವ ಕೇಬಲ್ಲುಗಳನ್ನು ಒಂದು ಎಸ್‌ಎಂಪಿಎಸ್‌ನಿಂದ ತೆಗೆದು ಇನ್ನೊಂದಕ್ಕೆ ಎಂದಿಗೂ ಹಾಕಬೇಡಿ. ಕನೆಕ್ಟರ್ ಹೊಂದಿದರೂ ಒಳಗಿನ ತಂತಿಗಳ ಜೋಡಣೆ ಬೇರೆಯಿರಬಹುದು, ಹಾಗಿದ್ದರೆ ಹಾರ್ಡ್‌ಡಿಸ್ಕ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಮನೆಯ ವೈರಿಂಗ್ ಕಡೆಗೂ ಗಮನವಿರಲಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಗೆ ಕರೆಂಟು ಹೋಗಿ ಬರುವ ನಮ್ಮ ಊರಿನಲ್ಲಿ ಯುಪಿಎಸ್ ಇಲ್ಲದೆ ಇಂಥ ಯಂತ್ರ ನಡೆಸುವುದು ಒಳ್ಳೆಯದಲ್ಲ. ಆದರೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ಆಟದ ನಡುವೆ ಕರೆಂಟು ಹೋದಾಗ ಯುಪಿಎಸ್ ಕೀ ಎಂದು ಕೂಗಿ ಯಂತ್ರವೂ ಆರಿದರೆ, ತಪ್ಪು ಓವರ್‌ಕ್ಲಾಕಿನದಲ್ಲ, ಯುಪಿಎಸ್ ಸಾಲದೆ ಹೋಗಿರಬಹುದು. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ತಿಂಗ್ ಕೆಟ್ಟಿದೆ ಎಂದರ್ಥ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಇನ್ನು ಆನ್ ಆಗದ ಯಂತ್ರದ ವಿಷಯ. ಬಟನ್ ಒತ್ತಿದರೂ ಒಂದು ದೀಪವೂ ಹೊತ್ತದಿದ್ದರೆ ಸಾಕೆಟ್, ಪ್ಲಗ್, ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ನೋಡಿ. ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಟ್ಟರೆ ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಂಡಿದೆ ಎಂದು ತಿಳಿಯಬೇಕು: ಎಲ್ಲೋ ಶಾರ್ಟ್ ಆಗಿದೆ, ಅಥವಾ ಹೊರೆ ಮೀರಿದೆ. ಫ್ಯಾನ್ ಓಡುತ್ತಿದ್ದು ಪರದೆ ಮಾತ್ರ ಕಪ್ಪಗಿದ್ದರೆ ಪ್ರೊಸೆಸರಿನ ಎಂಟು ಪಿನ್ನಿನ ಕನೆಕ್ಟರನ್ನು ಒತ್ತಿ ನೋಡಿ. ಅದು 'ಟಕ್' ಎಂದು ಕೂರಬೇಕು, ಅರ್ಧ ಕೂತಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆಮೇಲೆ ರ‍್ಯಾಮ್ ಕಳಚಿ, ಒಂದೇ ಕಡ್ಡಿ ಹಾಕಿ ಪ್ರಯತ್ನಿಸಿ. ಡಿಡಿಆರ್5 ಮಾದರಿಯ ರ‍್ಯಾಮ್ ಇದ್ದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಗಿರುವುದು ಸಹಜ, ಅವಸರದಲ್ಲಿ ಆರಿಸಬೇಡಿ.

ಯಂತ್ರ ತಾನೇ ಆನ್ ಆಗಿ ಆಫ್ ಆಗುತ್ತಿದ್ದರೆ ಆಗ ಓವರ್‌ಕ್ಲಾಕಿನ ಮೇಲೆ ಅನುಮಾನ ಪಡಬಹುದು. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು, ಉಳಿದ ವಿದ್ಯುತ್ತು ಖಾಲಿಯಾದ ಮೇಲೆ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿ. ಬಯೋಸ್‌ನ ಎಲ್ಲ ಬದಲಾವಣೆಗಳೂ ಅಳಿಸಿಹೋಗಿ ಯಂತ್ರ ಮೂಲ ವೇಗಕ್ಕೆ ಮರಳುತ್ತದೆ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಮೂಲ ವೇಗದಲ್ಲಿ ಸರಿಯಾಗಿ ನಡೆದರೆ ಮತ್ತೆ ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲವೂ ಒಂದು ಗಂಟೆ ಭಾರದ ಕೆಲಸದ ಹೊರೆ ಹಾಕಿ ನೋಡಿ. ಆ ಹೊತ್ತಿನಲ್ಲಿ ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗೆ ಮಲ್ಟಿಮೀಟರ್ ಹಿಡಿದರೆ 11.4 ಮತ್ತು 12.6 ವೋಲ್ಟಿನ ನಡುವೆ ತೋರಿಸಬೇಕು. ಹೊರೆ ಬಿದ್ದಾಗಲೆಲ್ಲ 11.4ಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ ಬಯೋಸ್ ಮುಟ್ಟದೆ ಎಸ್‌ಎಂಪಿಎಸ್ ಬದಲಿಸಿ.