‘ಬಂದ ಕಾರ್ಯವೇನು?’: ಘಾನಾದ ಕೊಕ್ಕೊ ಹಳ್ಳಿಯಲ್ಲಿ ಹದಿಮೂರು ದಿನ

ನೀರು ಕುಡಿದಾಯಿತು. ಪ್ಲಾಸ್ಟಿಕ್ ತೊಟ್ಟೆಯ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಹೀರುವ ನೀರು. ಘಾನಾದಲ್ಲಿ ಇದಕ್ಕೆ ‘ಪ್ಯೂರ್ ವಾಟರ್’ ಎನ್ನುತ್ತಾರೆ. ಎದುರಿಗೆ ಮಾವಿನ ಮರದ ನೆರಳಲ್ಲಿ ಊರಿನ ಹಿರಿಯರು ಸಾಲಾಗಿ ಕುಳಿತಿದ್ದರು. ನಡುವೆ ಊರಿನ ಮುಖ್ಯಸ್ಥ, ಅಲ್ಲಿಯ ಮಾತಿನಲ್ಲಿ ಒಡಿಕ್ರೊ. ಅವರ ಪಕ್ಕದಲ್ಲಿದ್ದವರು ಎದ್ದು ನಿಂತು ಏನೋ ಕೇಳಿದರು. ನಮ್ಮ ಜೊತೆಗಿದ್ದ ಅಲ್ಲಿಯ ಸಭೆಯ ಉಪದೇಶಿಯವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು: “ಇಲ್ಲಿ ಎಲ್ಲ ಸೌಖ್ಯ. ಪ್ರಯಾಣ ಮಾಡಿ ಬಂದವರು ನೀವು. ಬಂದ ಕಾರ್ಯವೇನು, ಹೇಳಿ.”

ನಮ್ಮ ಸಭಾಪಾಲಕರು, ಎಂದರೆ ಪಾದ್ರಿಗಳು, ನನ್ನ ಮುಖ ನೋಡಿದರು. ನಾನು ಚೀಲದಿಂದ ನಾಲ್ಕು ಪುಟದ ಕಾರ್ಯಕ್ರಮ ಪಟ್ಟಿ ತೆಗೆದುಕೊಟ್ಟೆ. ಶಾಲೆಯ ಗೋಡೆಗೆ ಬಣ್ಣ, ಮಕ್ಕಳಿಗೆ ಮೂರು ದಿನದ ಸತ್ಯವೇದ ಶಿಬಿರ, ಬಟ್ಟೆ ಹಂಚುವುದು, ರಾತ್ರಿ ಪ್ರಾರ್ಥನಾ ಕೂಟ. ಸಭಾಪಾಲಕರು ಓದಿದರು, ಉಪದೇಶಿ ತಿರುಗಿಸಿದರು. ಮುಖ್ಯಸ್ಥರ ಬಾಯಿಯಾಗಿ ಮಾತಾಡುವ ಆ ಹಿರಿಯರಿಗೆ ಒಚಿಯಾಮೆ ಎಂದು ಹೆಸರು. ಅವರು ನಾಲ್ಕು ಪುಟವನ್ನು ಎರಡೇ ವಾಕ್ಯದಲ್ಲಿ ಮುಖ್ಯಸ್ಥರಿಗೆ ಒಪ್ಪಿಸಿದರು. ಉತ್ತರವೂ ಅವರ ಬಾಯಿಂದಲೇ ಬಂತು: “ಸಂತೋಷ. ಗೋಡೆಗೆ ಬಣ್ಣ ಬಳಿಯಲು ನಮ್ಮ ಹುಡುಗರೂ ಇದ್ದಾರೆ. ಇಷ್ಟು ದೂರ ಬಂದದ್ದಕ್ಕೆ ಬೇರೆ ಕಾರಣ ಇರಬೇಕು. ಅವಸರವಿಲ್ಲ, ನಿಧಾನಕ್ಕೆ ಹೇಳಿ.”

ನಾವು ಏಳು ಮಂದಿ. ಮಂಗಳೂರು, ಪುತ್ತೂರು ಕಡೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳವರು. ಸಭಾಪಾಲಕರು, ನಿವೃತ್ತ ನರ್ಸ್ ಒಬ್ಬರು, ಶಿಕ್ಷಕ ದಂಪತಿ, ಕಾಲೇಜು ಮುಗಿಸಿದ ಇಬ್ಬರು ಹುಡುಗರು, ಮತ್ತೆ ಅಡಿಕೆ ತೋಟದ ನಾನು. 2019ರ ನವೆಂಬರ್. ಆಫ್ರಿಕಾದಲ್ಲಿ ಅಷ್ಟು ದೇಶಗಳಿರುವಾಗ ಘಾನಾವೇ ಯಾಕೆ ಎಂದರೆ ಬಾಸೆಲ್ ಮಿಶನ್. ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ 1815ರಲ್ಲಿ ಹುಟ್ಟಿದ ಈ ಕ್ರೈಸ್ತ ಮಿಶನರಿ ಸಂಸ್ಥೆ 1828ರಲ್ಲಿ ಘಾನಾದ ಕರಾವಳಿಗೆ ನಾಲ್ಕು ಜನರನ್ನು ಕಳುಹಿಸಿತ್ತು. ಸ್ವಲ್ಪವೇ ಕಾಲದಲ್ಲಿ ನಾಲ್ವರೂ ಕಾಯಿಲೆಯಿಂದ ಸತ್ತರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು, ಬದುಕಿದರು. ಮರುವರ್ಷ ಅದೇ ಮಿಶನಿನ ಆಂಡ್ರಿಯಾಸ್ ರೀಸ್ ಘಾನಾದಲ್ಲಿ ಕರಾವಳಿ ಬಿಟ್ಟು ಅಕ್ವಾಪೆಮ್ ಗುಡ್ಡದ ಅಕ್ರೊಪಾಂಗ್ ಹತ್ತಿದರು. ನಮಗೆ ಕಿಟ್ಟೆಲರ ನಿಘಂಟು ಸಿಕ್ಕಿದ್ದು 1894ರಲ್ಲಿ. ಅಲ್ಲಿಯವರ ಟ್ವಿ ಭಾಷೆಗೆ ಕ್ರಿಸ್ಟಾಲರ್ ಎಂಬವರು 1881ರಲ್ಲೇ ನಿಘಂಟು ಮಾಡಿ ಮುಗಿಸಿದ್ದರು. ಇದನ್ನೆಲ್ಲ ನಾನು ಹೊರಡುವ ಮೊದಲು ಓದಿದ್ದೆ. ಓದಿದ್ದು ಮರದಡಿ ಕುಳಿತಾಗ ಒಂದೂ ಬಾಯಿಗೆ ಬರಲಿಲ್ಲ.

ಸಿದ್ಧತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳದಿ ಜ್ವರದ ಚುಚ್ಚುಮದ್ದು ಮಾತ್ರ ಕೊನೇ ಗಳಿಗೆಗೆ ಬಿಡಬೇಡಿ. ಚುಚ್ಚಿಸಿ ಹತ್ತು ದಿನ ಕಳೆದ ಮೇಲೇ ಆ ಹಳದಿ ಕಾರ್ಡಿಗೆ ಬೆಲೆ. ಘಾನಾಕ್ಕೆ ಹೋಗಲು ಮಾತ್ರವಲ್ಲ, ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಮಲೇರಿಯ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಶುರು ಮಾಡಿದೆವು. ಹುಡುಗರಲ್ಲಿ ಒಬ್ಬ ಎರಡು ದಿನ ಮಾತ್ರೆ ಮರೆತ. ಏನೂ ಆಗಲಿಲ್ಲ, ಆದರೆ ಅವನಿಗಿಂತ ಹೆಚ್ಚು ನಿದ್ದೆ ಕೆಟ್ಟದ್ದು ನನಗೆ.

ಮುಂಬೈ, ಅಡಿಸ್ ಅಬಾಬ, ಅಕ್ರಾ. ಅಲ್ಲಿಂದ ಟ್ರೊಟ್ರೊ ಎಂಬ ವ್ಯಾನು. ಸುಹುಮ್ ಕಡೆಯ ಕೆಂಪು ಮಣ್ಣಿನ ರಸ್ತೆಗೆ ತಿರುಗಿದಾಗ ಶಿಕ್ಷಕರ ಹೆಂಡತಿ, “ಇದೆಂತ ಮಾರಾಯ್ರೆ, ವಿಟ್ಲದ ಹತ್ತಿರ ಬಂದ ಹಾಗೆ ಉಂಟಲ್ಲ!” ಎಂದರು. ವ್ಯಾನು ನಿಂತದ್ದೇ ಮಕ್ಕಳು ಓಡಿಬಂದು “ಒಬ್ರೋನಿ! ಒಬ್ರೋನಿ!” ಎಂದು ಕೂಗಿದರು. ಒಬ್ರೋನಿ ಎಂದರೆ ಬಿಳಿಯ. ನಮ್ಮೂರಲ್ಲಿ ನನ್ನನ್ನು ಕರಿಯ ಎಂದು ಕರೆದವರುಂಟು. ಬಿಳಿಯನಾಗಲು ನಾನು ಅಲ್ಲಿಯವರೆಗೆ ಹೋಗಬೇಕಾಯಿತು.

ಮೊದಲ ದಿನದ ತಪ್ಪುಗಳು. ನರ್ಸ್ ಅಕ್ಕ ಕಪ್ಪು ಅಂಚಿನ ಕೆಂಪು ಸೀರೆ ಉಟ್ಟಿದ್ದರು. ಮೂವರು ಹೆಂಗಸರು ಬಂದು ಅವರ ಕೈ ಹಿಡಿದು, ತೀರಿಕೊಂಡವರು ಯಾರು ಎಂದು ವಿಚಾರಿಸಿದರು. ಅಲ್ಲಿ ಕೆಂಪು ಕಪ್ಪು ಸಾವಿನ ಮನೆಯ ಬಣ್ಣ. ಹುಡುಗರಲ್ಲಿ ದೊಡ್ಡವನು ಸೀದಾ ನಡುವಿಗೆ ಹೋಗಿ ಮುಖ್ಯಸ್ಥರ ಕೈ ಕುಲುಕಲು ನೋಡಿದ. ಕುಳಿತವರನ್ನು ಬಲಗಡೆಯ ತುದಿಯಿಂದ ಶುರು ಮಾಡಿ ಒಬ್ಬೊಬ್ಬರನ್ನಾಗಿ ವಂದಿಸುತ್ತ ಬರಬೇಕು. ಎಡಗೈಯನ್ನು ಬಳಸಬಾರದು ಎನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದೊಡ್ಡ ತಪ್ಪು ಬಟ್ಟೆಯದು. ಸಭೆಯ ಮನೆಮನೆಗಳಿಂದ ಸೇರಿಸಿ, ಇಸ್ತ್ರಿ ಹಾಕಿ, ಎರಡು ದೊಡ್ಡ ಸೂಟ್‌ಕೇಸ್ ತುಂಬ ಒಯ್ದಿದ್ದೆವು. ಸಂಜೆ ಉಪದೇಶಿಯವರಿಗೆ ತೆರೆದು ತೋರಿಸಿದೆ. ಅವರು ಒಂದು ಅಂಗಿಯನ್ನು ಎತ್ತಿ ನೋಡಿ ಮಡಚಿ ಇಟ್ಟರು. “ಒಬ್ರೋನಿ ವಾವು,” ಎಂದು ನಕ್ಕರು. ಬಿಳಿಯ ಸತ್ತ ಎಂದು ಅರ್ಥ. ಯುರೋಪು ಅಮೆರಿಕದಿಂದ ಹಡಗಿನಲ್ಲಿ ಬರುವ ಹಳೇ ಬಟ್ಟೆಗೆ ಅಲ್ಲಿ ಅದೇ ಹೆಸರು. ಇಷ್ಟು ಒಳ್ಳೆಯ ಬಟ್ಟೆಯನ್ನು ಯಾರಾದರೂ ಬದುಕಿರುವಾಗ ಬಿಡುತ್ತಾರೆಯೇ ಎಂದು ಶುರುವಿನಲ್ಲಿ ಜನ ಅಂದುಕೊಂಡಿದ್ದರಂತೆ. ಅಕ್ರಾದ ಕಂಟಮಾಂಟೊ ಮಾರುಕಟ್ಟೆ ತುಂಬ ಅದೇ ವ್ಯಾಪಾರ. ನಾವು ಒಂದು ದೇಶಕ್ಕೆ ಅದರ ಅತಿ ಹೆಚ್ಚು ಇರುವ ಸಾಮಾನನ್ನೇ ವಿಮಾನದ ತೂಕಕ್ಕೆ ದುಡ್ಡು ಕೊಟ್ಟು ಒಯ್ದಿದ್ದೆವು. ಹಂಚುವ ಕಾರ್ಯಕ್ರಮ ಅಲ್ಲಿಗೇ ನಿಂತಿತು. ಸೂಟ್‌ಕೇಸನ್ನು ಹೆಂಗಸರ ಸಂಘಕ್ಕೆ ಕೊಟ್ಟೆವು. ಅವರು ಮಾರಿ ಆ ದುಡ್ಡನ್ನು ಸಂಘದ ಲೆಕ್ಕಕ್ಕೆ ಬರೆದುಕೊಂಡರು. ಫೋಟೊ ತೆಗೆಯಲಿಲ್ಲ, ಅದೊಂದು ಸಮಾಧಾನ.

ನರ್ಸ್ ಅಕ್ಕನಿಗೂ ಹಾಗೇ ಆಯಿತು. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಅಲ್ಲಿ ಸಿ.ಎಚ್.ಪಿ.ಎಸ್. ಎನ್ನುತ್ತಾರೆ, ಬಾಯಲ್ಲಿ ‘ಚಿಪ್ಸ್’. ಅಲ್ಲಿಯ ನೋಂದಣಿ ಇಲ್ಲದೆ ಇವರು ಒಂದು ಮಾತ್ರೆಯನ್ನೂ ಕೊಡುವಂತಿಲ್ಲ, ಅದು ಸರಿಯೇ. ಅಕ್ಕ ಅಲ್ಲಿಯ ನರ್ಸ್ ಹುಡುಗಿಯ ಜೊತೆ ಬೆಂಚಿನಲ್ಲಿ ಕುಳಿತು, ಮಕ್ಕಳನ್ನು ತೂಗುವಾಗ ಅಳುವ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ನೆಮ್ಮದಿಯಾಗಿ ಮಗು ಎತ್ತಲು ಪುರುಸೊತ್ತು ಸಿಕ್ಕಿರಲಿಲ್ಲ ಎಂದರು.

ನನ್ನ ಕೈಗೆ ಕೆಲಸ ಬಂದದ್ದು ಐದನೇ ದಿನ, ಕೊಕ್ಕೊ ತೋಟದಲ್ಲಿ.

ಪುತ್ತೂರಿನವರಿಗೆ ಕೊಕ್ಕೊ ಹೊಸದಲ್ಲ. ಅಡಿಕೆ ಮರಗಳ ನಡುವೆ ನನ್ನದೂ ಒಂದಷ್ಟು ಗಿಡ ಉಂಟು. ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ನಮ್ಮಲ್ಲಿ ಅದು ನೆಲೆಯೂರಿದ ಬೆಳೆ. ನಾವು ಕಾಯಿ ಒಡೆದು ಹಸಿ ಬೀಜವನ್ನೇ ತೂಗಿ ಕೊಟ್ಟು ಕೈತೊಳೆಯುತ್ತೇವೆ. ಘಾನಾಕ್ಕೆ ಕೊಕ್ಕೊ ತಂದ ಕೀರ್ತಿ ಟೆಟ್ಟೆ ಕ್ವಾರ್ಶಿ ಎಂಬವರದು. ಬಾಸೆಲ್ ಮಿಶನಿನ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತವರು, 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಬೀಜ ತಂದು ಮಾಂಪಾಂಗಿನಲ್ಲಿ ನೆಟ್ಟವರು. ಆ ಊರು ಅಕ್ರೊಪಾಂಗಿನಂತೆಯೇ ಅಕ್ವಾಪೆಮ್ ಗುಡ್ಡದ ಮೇಲಿನದು.

ಕಾಯಿ ಒಡೆಯುವ ದಿನ ಅಕ್ಕಪಕ್ಕದವರೆಲ್ಲ ಬಂದಿದ್ದರು. ಇವತ್ತು ಇವನ ತೋಟಕ್ಕೆ, ನಾಳೆ ಅವನ ತೋಟಕ್ಕೆ. ‘ನೊಬೊವಾ’ ಎಂದರು. ಮುಯ್ಯಾಳು ಎಂದು ನನಗೆ ಕೂಡಲೇ ಹೊಳೆಯಿತು, ನಮ್ಮಲ್ಲಿ ಈಗ ಆ ಶಬ್ದ ಮಾತ್ರ ಉಳಿದಿದೆ. ಗುಡ್ಡೆ ಹಾಕಿದ ಹಳದಿ ಕಾಯಿಗಳ ಸುತ್ತ ಕುಳಿತೆವು. ಅವರು ಕತ್ತಿಯಲ್ಲಿ ಒಂದೇ ಏಟು ಕೊಟ್ಟು ತಿರುಚುತ್ತಿದ್ದರು, ಕಾಯಿ ಎರಡಾಗುತ್ತಿತ್ತು, ಬೀಜಕ್ಕೆ ಗಾಯವಿಲ್ಲ. ನಾನು ಮನೆಯ ಅಭ್ಯಾಸದಂತೆ ಮರದ ಕೊರಡಿನಿಂದ ಹೊಡೆದೆ. ಒಬ್ಬ ಮುದುಕ ಅದನ್ನು ನೋಡಿ, “ಇವನಿಗೆ ಗೊತ್ತುಂಟು!” ಎಂಬರ್ಥದಲ್ಲಿ ಏನೋ ಕೂಗಿದ. ಅಲ್ಲಿಯವರೆಗೆ ನಾನು ಅತಿಥಿ. ಆಮೇಲೆ ಮಧ್ಯಾಹ್ನದವರೆಗೂ ಯಾರೂ ನನಗೆ ಕುರ್ಚಿ ತರಲಿಲ್ಲ.

ಹಸಿ ಬೀಜವನ್ನು ಬಾಳೆ ಎಲೆಯ ಮೇಲೆ ರಾಶಿ ಹಾಕಿ, ಮೇಲೂ ಬಾಳೆ ಎಲೆ ಹೊದಿಸಿ, ಆರು ದಿನ ಹುಳಿ ಬರಿಸುತ್ತಾರೆ. ನಡುವೆ ರಾಶಿಯನ್ನು ಮಗುಚಬೇಕು. ಮಗುಚುವಾಗ ಕೈ ಒಳಗೆ ಹಾಕಿದೆ, ಬಿಸಿನೀರಿಗೆ ಅದ್ದಿದ ಹಾಗಾಯಿತು. ಆ ವಾಸನೆ, ಹೆಂಡದ ಹುಳಿಗೂ ಹಳಸಿದ ಹಲಸಿನ ಹಣ್ಣಿಗೂ ನಡುವಿನದು. ಆಮೇಲೆ ಕಾಲು ಕೊಟ್ಟು ಎತ್ತರಿಸಿದ ಚಾಪೆಯ ಮೇಲೆ ಒಂದು ವಾರ ಬಿಸಿಲು. ಹೆಂಗಸರು ದಿನವಿಡೀ ಕೈಯಾಡಿಸುತ್ತ ಚಪ್ಪಟೆ ಬೀಜ, ಕಸ ಹೆಕ್ಕುತ್ತಾರೆ. ಅಡಿಕೆ ಅಂಗಳ ನೋಡಿದವರಿಗೆ ಬೇರೆ ವಿವರಣೆ ಬೇಡ. ನಾವು ಮಾರಿ ಮರೆಯುವ ವಸ್ತುವಿಗೆ ಮುಂದೆ ಇಷ್ಟೆಲ್ಲ ಕೆಲಸ ಇದೆಯೆಂದು ನನಗೆ ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು.

ಮಧ್ಯಾಹ್ನ ಫುಫು. ಮರಗೆಣಸು, ಬಾಳೆಕಾಯಿ ಬೇಯಿಸಿ ಒರಳಲ್ಲಿ ಕುಟ್ಟಿದ ಮುದ್ದೆ, ಸಾರಿನಲ್ಲಿ ತೇಲುತ್ತದೆ. ಹುಡುಗರು ಅಗಿಯಲು ಹೋಗಿ ಕಷ್ಟಪಟ್ಟರು. ಶಿಕ್ಷಕರು ಹಾಸನದವರು, ರಾಗಿ ಮುದ್ದೆಯಲ್ಲಿ ಬೆಳೆದವರು. ಮುರಿದು, ಅದ್ದಿ, ನುಂಗಿದರು. ಅಡುಗೆ ಮಾಡಿದಾಕೆ ಅವರಿಗೆ ಎರಡನೇ ಸಲ ಬಡಿಸಿದ್ದು ಪಕ್ಷಪಾತವೇ.

ಭಾನುವಾರದ ಆರಾಧನೆ ಮೂರು ಗಂಟೆ ನಡೆಯಿತು. ಒಂದು ಹಳೇ ಜರ್ಮನ್ ರಾಗದ ಕೀರ್ತನೆ ಎದ್ದಾಗ ನಾವು ಏಳು ಮಂದಿ ಕನ್ನಡದಲ್ಲಿ ಸೇರಿಕೊಂಡೆವು. ಅವರದು ಟ್ವಿ, ನಮ್ಮದು ಕನ್ನಡ, ರಾಗ ಒಂದೇ. ಅವರು ತಾಳ ಹಾಕಿ ಓಡಿಸಿದರು, ನಾವು ಹಾರ್ಮೋನಿಯಂ ಅಭ್ಯಾಸದವರು ಪ್ರತಿ ಸಾಲಿಗೂ ಹಿಂದೆ ಬಿದ್ದೆವು.

ಆಮೇಲೆ ಕಾಣಿಕೆ. ‘ಕೋಫಿ ಮತ್ತು ಅಮಾ’ ಎಂದು ಕರೆದರು. ಟ್ವಿ ಮಾತಾಡುವ ಅಲ್ಲಿಯ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರು. ಭಾನುವಾರದ ಗಂಡು ಕ್ವಾಸಿ, ಹೆಣ್ಣು ಅಕೋಸುವಾ. ಶುಕ್ರವಾರದ ಗಂಡು ಕೋಫಿ, ಶನಿವಾರದವನು ಕ್ವಾಮೆ, ಹೆಣ್ಣಾದರೆ ಅಮಾ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಎಲ್ಲ ಹೀಗೆಯೇ. ಒಂದೊಂದು ವಾರದವರನ್ನು ಕರೆದಂತೆ ಅವರು ಬಿಳಿ ಕರವಸ್ತ್ರ ಬೀಸಿ ಕುಣಿಯುತ್ತ ಬಂದು ಕಾಣಿಕೆ ಹಾಕುತ್ತಾರೆ. ಕೊನೆಗೆ ಎಣಿಸಿ ಯಾವ ವಾರ ಗೆದ್ದಿತು ಎಂದು ಸಾರುತ್ತಾರೆ. ನನಗೆ ನನ್ನ ವಾರ ಗೊತ್ತಿರಲಿಲ್ಲ. ಹುಡುಗ ಮೊಬೈಲಿನಲ್ಲಿ 1967ರ ಮೇ 17 ಹಾಕಿ, “ಬುಧವಾರ ಅಂಕಲ್,” ಎಂದ. ಹಾಗಾಗಿ ನಾನು ಕ್ವಾಕು. ಕುಣಿಯಲು ಬಾರದ ಕ್ವಾಕು. ಬುಧವಾರದವರು ಅಂದು ಕೊನೆಯಿಂದ ಎರಡನೆಯವರಾದೆವು.

ಊಟದ ಹೊತ್ತಿಗೆ ಉಪದೇಶಿಯವರು ಕೇಳಿದರು: “ನಿಮ್ಮಲ್ಲಿ ವಾರದ ಹೆಸರು ಇಲ್ಲವೇ?”

ಇತ್ತು. ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ. ಭಾನುವಾರದಿಂದ ಶನಿವಾರದವರೆಗೆ ತುಳುನಾಡಿನ ಹೆಸರುಗಳು. ನನ್ನ ಮುತ್ತಜ್ಜ ತುಕ್ರ. ಸಭೆಯ ಸ್ಮರಣ ಸಂಚಿಕೆಗಾಗಿ ಹಳೇ ದೀಕ್ಷಾಸ್ನಾನದ ಪುಸ್ತಕ ತೆರೆದಾಗ ಒಂದು ಸಾಲು ಕಂಡಿದ್ದೆ: ತುಕ್ರ, ಈಗ ಯಾಕೋಬ. ಮನೆಯಲ್ಲಿ ಈ ಹೆಸರನ್ನು ಯಾರೂ ಎತ್ತಿದ್ದಿಲ್ಲ. ಶಾಲೆಯಲ್ಲಿ ಪೆದ್ದ ಹುಡುಗನನ್ನು ‘ತುಕ್ರ’ ಎಂದು ಹಂಗಿಸುವವರ ಜೊತೆ ನಾನೂ ನಕ್ಕಿದ್ದೇನೆ. ಆ ಪುಸ್ತಕವನ್ನು ಕಂಡ ದಿನ ಸಂಚಿಕೆಗೆ ಆ ಸಾಲನ್ನು ಬರೆದುಕೊಳ್ಳದೆ ಪುಟ ತಿರುಗಿಸಿದವನೂ ನಾನೇ.

“ಹಾಗಾದರೆ ನಿಮ್ಮ ಮುತ್ತಜ್ಜ ಕೋಫಿ,” ಎಂದರು ಉಪದೇಶಿ. “ಹೆಸರು ತೆಗೆಸಿದ್ದು ಪಾದ್ರಿಗಳೇ?”

ಹೌದು ಎಂದುಬಿಡಬಹುದಿತ್ತು. ಆದರೆ ಅದೇ ಮಿಶನ್ ಅವರಿಗೂ ಯಾಕೋಬ, ದಾನಿಯೇಲ ಎಂದು ಕೊಟ್ಟಿತ್ತು. ಅವರು ಅದನ್ನು ಇಟ್ಟುಕೊಂಡೇ ಕೋಫಿಯಾಗಿ ಉಳಿದರು. ಅಲ್ಲಿ ಅರಸನ ಮಗನೂ ಕೋಫಿ, ಕೂಲಿಯವನ ಮಗನೂ ಕೋಫಿ. ನಮ್ಮಲ್ಲಿ ತುಕ್ರ ಎಂದು ಕರೆದ ಕೂಡಲೇ ಅವನು ಅಂಗಳದಲ್ಲಿ ಎಲ್ಲಿ ನಿಲ್ಲಬೇಕು ಎನ್ನುವುದು ತೀರ್ಮಾನವಾಗುತ್ತಿತ್ತು. ಮುತ್ತಜ್ಜ ಆ ಹೆಸರನ್ನು ಸಂತೋಷದಿಂದಲೇ ಬಿಟ್ಟಿರಬೇಕು. ಇದನ್ನು ಇಂಗ್ಲಿಷಿನಲ್ಲಿ, ಊಟದ ನಡುವೆ, ಜಾತಿ ಎಂದರೇನು ಎನ್ನುವುದರಿಂದ ಶುರು ಮಾಡಿ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಸಭಾಪಾಲಕರು ತಟ್ಟೆ ನೋಡುತ್ತ ಕುಳಿತಿದ್ದರು. ಅವರ ಅಜ್ಜನ ಹೆಸರು ಅಂಗಾರ ಎಂದು ಮರಳುವಾಗ ವಿಮಾನದಲ್ಲಿ ಹೇಳಿದರು.

ಹದಿಮೂರನೇ ದಿನ ಮತ್ತೆ ಮಾವಿನ ಮರ. ಹೊರಡುವವರು ಸುಮ್ಮನೆ ಹೊರಡುವಂತಿಲ್ಲ, ‘ದಾರಿ ಬೇಡಬೇಕು’. ಈ ಸಲ ಸಭಾಪಾಲಕರು ನನ್ನನ್ನೇ ಎಬ್ಬಿಸಿದರು. ಮೊದಲ ದಿನದ ಪ್ರಶ್ನೆಗೆ ಉತ್ತರ ಬಾಕಿ ಉಂಟು ಎಂದೆ. ನಿಮ್ಮ ಹಿರಿಯರ ಬಳಿಗೂ ನಮ್ಮ ಹಿರಿಯರ ಬಳಿಗೂ ಒಂದೇ ಮನೆಯಿಂದ ಜನ ಬಂದಿದ್ದರು, ನೀವು ಹೇಗಿದ್ದೀರಿ ನೋಡಿ ಹೋಗಲು ಬಂದೆವು ಎಂದೆ. ಒಚಿಯಾಮೆ ಇದನ್ನು ಎರಡು ವಾಕ್ಯಕ್ಕೆ ಇಳಿಸಲಿಲ್ಲ, ಉದ್ದ ಮಾಡಿದರು. ಏನು ಸೇರಿಸಿದರೋ, ಎಲ್ಲರೂ ತಲೆದೂಗಿದರು. ಆಮೇಲೆ ಮುಖ್ಯಸ್ಥರ ಮಾತು ಬಂತು: ಅರ್ಧ ದಾರಿ ಕೊಟ್ಟಿದ್ದೇವೆ, ಉಳಿದರ್ಧ ನಮ್ಮಲ್ಲೇ ಇರಲಿ, ತಿರುಗಿ ಬಂದಾಗ ತೆಗೆದುಕೊಳ್ಳಿ. ನಮ್ಮಲ್ಲೂ ‘ಹೋಗ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರ್ತೇನೆ’ ಎನ್ನುತ್ತೇವೆ ಎಂದು ಉಪದೇಶಿಯವರಿಗೆ ಹೇಳಿದೆ. ಅವರು ಕಿಸೆಯ ಪುಸ್ತಕದಲ್ಲಿ ಬರೆದುಕೊಂಡರು.

ಊರಿಗೆ ಬಂದ ಮೇಲೆ ಒಂದು ಬುಟ್ಟಿ ಕೊಕ್ಕೊವನ್ನು ಮಾರದೆ ಬಾಳೆ ಎಲೆಯಲ್ಲಿ ಮುಚ್ಚಿ ನೋಡಿದೆ. ರಾಶಿ ಸಣ್ಣದಾಯಿತು, ಬಿಸಿ ಏರಲಿಲ್ಲ, ನಾಲ್ಕನೇ ದಿನ ಬೂಸಲು. ಸಭೆಯ ಸುಗ್ಗಿ ಹಬ್ಬಕ್ಕೆ ವಾರದ ಹೆಸರಿನಲ್ಲಿ ಕಾಣಿಕೆ ತೆಗೆಯೋಣ, ಐತನಿಂದ ತನಿಯನವರೆಗೆ ಕರೆಯೋಣ ಎಂದು ಕೇಳಿದ್ದೆ. ಖಜಾಂಚಿ, “ಕಮಿಟಿಯಲ್ಲಿ ಇಡುವ,” ಎಂದಿದ್ದಾರೆ. ಇನ್ನೂ ಇಟ್ಟಿಲ್ಲ.