ಬೇರೆ ಕಾರಿನ ಅಲಾಯ್: ದುಡ್ಡು ಕೊಡುವ ಮೊದಲು ಅಳೆಯಿರಿ

ಮುಂಬೈ ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೆಯ ಅಲಾಯ್ ವ್ಹೀಲ್ ವಿಚಾರಿಸಿದರೆ ‘ಬೈಠ್ ಜಾಯೇಗಾ’ (ಕೂರುತ್ತದೆ ಬಿಡಿ) ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಕೂರುವುದು ಬೇರೆ, ಸರಿಯಾಗಿ ಕೂರುವುದು ಬೇರೆ. ಟೇಪಿನ ಜೊತೆ ವರ್ನಿಯರ್ ಕ್ಯಾಲಿಪರನ್ನೂ ಒಯ್ಯಿರಿ.

ಮೊದಲು ಪಿಸಿಡಿ, ಅಂದರೆ ನಟ್ಟಿನ ತೂತುಗಳ ನಡುಬಿಂದುಗಳನ್ನು ಹಾಯುವ ವೃತ್ತದ ವ್ಯಾಸ. ನಾಲ್ಕು ತೂತಿದ್ದರೆ ಎದುರುಬದುರಿನ ಎರಡರ ಅಂತರವೇ ಅದು. ಐದಿದ್ದರೆ ಅಕ್ಕಪಕ್ಕದ ಎರಡರ ಅಂತರವನ್ನು 1.701ರಿಂದ ಗುಣಿಸಿ. 67.2 ಮಿ.ಮೀ. ಬಂದರೆ ಪಿಸಿಡಿ 114.3, 65.8 ಬಂದರೆ 112. ಟೇಪು ಮೋಸ ಮಾಡುವುದು ಇಲ್ಲೇ. 112ರ ಚಕ್ರ 114.3ರ ಹಬ್ಬಿಗೆ (ಚಕ್ರ ಕೂರುವ ಕಾರಿನ ಬದಿಯ ಭಾಗ) ಏರಿಬಿಡುತ್ತದೆ, ಐದೂ ನಟ್ಟು ಹಿಡಿದಂತೆ ಕಾಣುತ್ತದೆ. ಆದರೆ ಬಿಗಿದಾಗ ಸ್ಟಡ್ (ಹಬ್ಬಿನಿಂದ ಚಾಚಿದ, ನಟ್ಟು ಹಿಡಿಯುವ ಬೋಲ್ಟು) ಓರೆಯಾಗಿ ಎಳೆಯಲ್ಪಡುತ್ತದೆ, ಚಕ್ರ ಹಬ್ಬಿಗೆ ಮಟ್ಟಸವಾಗಿ ಅಂಟುವುದಿಲ್ಲ. ಓಡಿದಂತೆ ನಟ್ಟು ಸಡಿಲ, ಕೊನೆಗೆ ಸ್ಟಡ್ಡೇ ತುಂಡು. ತೂತು ಅಗಲಿಸಿ ಕೊಡುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಆಫ್‌ಸೆಟ್, ಅಂದರೆ ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ಅಂಟುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ. ಚಕ್ರದ ಹಿಂಬದಿಯಲ್ಲಿ ‘ಇಟಿ 45’ ಎಂಬಂತೆ ಕೆತ್ತಿರುತ್ತದೆ. ನಿಮ್ಮದು 6 ಇಂಚು ಅಗಲ, ಇಟಿ 45. ಹೊಸದು 7 ಇಂಚು, ಇಟಿ 38 ಎಂದುಕೊಳ್ಳಿ. ಅಗಲದಿಂದ ಎರಡೂ ಕಡೆ 12.7 ಮಿ.ಮೀ. ಹೆಚ್ಚು. ಆಫ್‌ಸೆಟ್ ತಗ್ಗಿದ 7 ಮಿ.ಮೀ. ಹೊರಗೆ ಕೂಡುತ್ತದೆ, ಒಳಗೆ ಕಳೆಯುತ್ತದೆ. ಹೊರಕ್ಕೆ 19.7, ಒಳಕ್ಕೆ 5.7. ಖಾಲಿ ಕಾರಿನಲ್ಲಿ ನೋಡಿದರೆ ಸಾಲದು. ಹಿಂದೆ ಮೂವರನ್ನು ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರು ಫೆಂಡರಿಗೋ ಸ್ಟ್ರಟ್ಟಿಗೋ (ಒಳಗಿನ ಸಸ್ಪೆನ್ಷನ್ ಕಂಬ) ತಾಗುತ್ತದೆಯೇ ನೋಡಿ. ಮುಂಬೈ ಮಳೆಗಾಲದ ಗುಂಡಿಗಳು ಆ ಪರೀಕ್ಷೆಯನ್ನು ಹೇಗೂ ಮಾಡಿಸುತ್ತವೆ!

ಪಿಸಿಡಿ ಬೇರೆಯಾದರೆ ಅಡಾಪ್ಟರ್, ಅಂದರೆ ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸುವ ಲೋಹದ ಬಿಲ್ಲೆ, ಒಂದೇ ದಾರಿ. ಆದರೆ ಅದರ ದಪ್ಪ ಆಫ್‌ಸೆಟ್ಟಿನಿಂದ ಕಳೆದುಹೋಗುತ್ತದೆ: 20 ಮಿ.ಮೀ. ಅಡಾಪ್ಟರ್ ಹಾಕಿದರೆ ಇಟಿ 45ರ ಚಕ್ರ ಇಟಿ 25ರಂತೆ ಹೊರಗೆ ನಿಲ್ಲುತ್ತದೆ, ಬೇರಿಂಗಿನ ಮೇಲೆ ಹೊರೆ ಏರುತ್ತದೆ. ಹಬ್ಬಿನ ಸ್ಟಡ್ ಅಡಾಪ್ಟರ್ ದಾಟಿ ಇಣುಕುತ್ತಿದ್ದು, ಚಕ್ರದ ಹಿಂಬದಿಯಲ್ಲಿ ಅದಕ್ಕೆ ಗುಳಿ ಇಲ್ಲದಿದ್ದರೆ ಚಕ್ರ ಮಟ್ಟಸವಾಗಿ ಕೂರದು.

ಚಕ್ರದ ನಡುತೂತು 73.1, ಹಬ್ಬಿನ ನಡುವಿನ ಉಬ್ಬು 54.1 ಮಿ.ಮೀ. ಇದ್ದರೆ ಅದೇ ಅಳತೆಯ ಹಬ್ ರಿಂಗ್ (ನಡುವಿನ ಸಂದು ತುಂಬುವ ಬಳೆ) ಬೇಕು, ಇಲ್ಲವಾದರೆ ಸ್ಟೇರಿಂಗ್ ನಡುಗಬಹುದು. ಪ್ಲಾಸ್ಟಿಕ್ಕಿಗಿಂತ ಅಲ್ಯೂಮಿನಿಯಂ ವಾಸಿ. ಘಾಟಿ ಇಳಿಯುವಾಗ ಬ್ರೇಕಿನ ಶಾಖ ತಡೆಯುತ್ತದೆ.

ನಟ್ಟನ್ನೂ ನೋಡಿ. ಮಾರುತಿಯದು ಸಾಮಾನ್ಯವಾಗಿ ಎಂ12 (12 ಮಿ.ಮೀ. ವ್ಯಾಸ), 1.25 ಪಿಚ್ (ಎಳೆಯಿಂದ ಎಳೆಗೆ ಮಿ.ಮೀ. ಅಂತರ), ಹೋಂಡಾ, ಹ್ಯುಂಡೈಯದು 1.5. ಬೆರಳಿನಲ್ಲೇ ತಿರುಗಿಸಿ: 1.25 ಪಿಚ್ಚಿಗೆ ಸುಮಾರು ಹತ್ತು ಸುತ್ತು, 1.5ಕ್ಕೆ ಎಂಟು ಹಿಡಿಯಬೇಕು. ಗುಂಡುತುದಿಯ ನಟ್ಟು ಶಂಕುವಿನಾಕಾರದ ತೂತಿಗೆ ಹೊಂದುವುದಿಲ್ಲ. ನಕ್ಷತ್ರದಂತೆ ಅಡ್ಡಡ್ಡ ಬಿಗಿಯುತ್ತಾ ಹೋಗಿ, ಕೊನೆಯ ಬಿಗಿತ ಕಾರಿನ ಕೈಪಿಡಿಯಲ್ಲಿರುವ ಟಾರ್ಕಿಗೆ (ಬಿಗಿತದ ಅಳತೆ), ನಟ್ಟು ಬಿಗಿಯುವ ಗನ್ನಿನಲ್ಲಿ ಬೇಡ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ, ಊರಿಗೆ ಹೊರಡುವ ಮುಂಚೆಯೇ.